ಅವರಿಗೆ ಕೆಲಸವಿಲ್ಲದ ಎರಡು ಕಣ್ಣು

ಈಗ ನನ್ನನ್ನು ಯಾರೂ ‘ಕಾಲು ಹೇಗಿದೆ?’ ಎಂದು ಕೇಳುವುದಿಲ್ಲ. ಕುಂಟಿದ ದಿನ ಗಂಡ ಕೇಳುತ್ತಾರೆ, ಆಫೀಸಿನಲ್ಲಿ ಲಿಫ್ಟ್ ಕೆಟ್ಟಾಗ ಜೊತೆಯವರು ಕೇಳುತ್ತಾರೆ. ಅದು ಬೇರೆ. ಏನೂ ಆಗದೆ, ನಗುನಗುತ್ತಾ ಒಳಗೆ ಕಾಲಿಟ್ಟಾಗ, ಕೂರುವ ಮೊದಲೇ ಹಾಗೆ ಕೇಳುವವರು ಒಬ್ಬರೇ ಇದ್ದರು. ಅವರು ತೀರಿಕೊಂಡಾಗ ನಾನು ಏಳು ತಿಂಗಳ ಬಸುರಿ. ನನ್ನ ಮಗುವಿಗೆ ನನ್ನಿಂದ ಏನು ಬಂದಿದೆ, ಏನು ಬಂದಿಲ್ಲ ಎಂದು ತಿಳಿಯುವುದಕ್ಕೆ ನನ್ನಷ್ಟೇ ಕಾದಿದ್ದವರು ಅವರು. ತಿಳಿಯುವ ಮೊದಲೇ ಹೊರಟುಬಿಟ್ಟರು. ಅಷ್ಟೇನು ಅವಸರವಿತ್ತೋ!

ಅವರು ಕಾಲಿನ ಡಾಕ್ಟರಲ್ಲ. ಯಾವ ಡಾಕ್ಟರೂ ಅಲ್ಲ. ಕಣ್ಣು ಮಾಡುವವರು. ಕಣ್ಣು ಕಳೆದುಕೊಂಡವರಿಗೆ, ಆ ಖಾಲಿ ಗುಳಿಯಲ್ಲಿ ಸರಿಯಾಗಿ ಕೂರುವ ಹಾಗೆ, ಉಳಿದ ಕಣ್ಣಿಗೆ ಜೋಡಿಯಾಗುವ ಹಾಗೆ, ಅಕ್ರಿಲಿಕ್ಕಿನಲ್ಲಿ ಅಚ್ಚು ತೆಗೆದು ಬಣ್ಣ ಬರೆಯುತ್ತಿದ್ದರು. ರಿಚರ್ಡ್ಸ್ ಟೌನಿನ ಒಂದು ಹಳೆಯ ಮನೆಯ ಮುಂದಿನ ಕೋಣೆ ಅವರ ಕೆಲಸದ ಜಾಗ, ಹಿಂದೆ ಸಂಸಾರ. ನನ್ನ ಎಡಗಣ್ಣು ಅವರು ಬರೆದದ್ದು. ನನಗೆ ಎರಡು ತುಂಬುವ ಮೊದಲೇ ಆ ಕಣ್ಣಿನೊಳಗೆ ಗಡ್ಡೆ ಬೆಳೆದು, ಮಗು ಉಳಿಯಬೇಕಾದರೆ ಕಣ್ಣು ತೆಗೆಯಬೇಕು ಎಂದರಂತೆ. ತೆಗೆದರು. ಮುಖ ಬೆಳೆಯುತ್ತದೆ, ಅಕ್ರಿಲಿಕ್ ಬೆಳೆಯುವುದಿಲ್ಲ. ಹಾಗಾಗಿ ನಾನು ದೊಡ್ಡವಳಾಗುತ್ತಾ ಹೋದ ಹಾಗೆ ಅವರು ಕಣ್ಣು ಬದಲಿಸುತ್ತಾ ಹೋದರು. ನನ್ನ ಫ್ರಾಕುಗಳನ್ನು ಹೊಲಿದ ಟೈಲರ್ ಯಾರೋ ನೆನಪಿಲ್ಲ, ಕಣ್ಣಿನವರನ್ನು ಮರೆಯಲಾದೀತೇ?

ಹೆಸರು ಬರೆಯುವುದಿಲ್ಲ. ಬರೆದರೆ ‘ಏನ್ ಪಾಪಾ, ನನ್ನ ಒಂದ್ ಮಾತು ಕೇಳದೆ ಹಾಕ್ಬಿಟ್ಯಾ?’ ಎಂದು ಮೇಲಿನಿಂದಲೇ ಬೈಯುತ್ತಾರೆ. ತಮಿಳರು ಪುಟ್ಟ ಹುಡುಗಿಯನ್ನು ಕರೆಯುವ ಹಾಗೆ ಪಾಪಾ ಎನ್ನುತ್ತಿದ್ದರು. ಮದುವೆಯಾದ ಮೇಲೂ ಪಾಪಾ, ಹೊಟ್ಟೆ ಮುಂದೆ ಬಂದ ಮೇಲೂ ಪಾಪಾ.

ಮೊದಲು ಅವರು ಕಮರ್ಷಿಯಲ್ ಸ್ಟ್ರೀಟಿನ ಒಂದು ಫೋಟೊ ಸ್ಟುಡಿಯೋದಲ್ಲಿ ಕಪ್ಪುಬಿಳುಪು ಚಿತ್ರಗಳಿಗೆ ಕೈಯಿಂದ ಬಣ್ಣ ತುಂಬುತ್ತಿದ್ದರಂತೆ. ಮದುಮಗಳ ತುಟಿಗೆ ಕೆಂಪು, ಸೀರೆಯಂಚಿಗೆ ಹಳದಿ. ಕಲರ್ ಫಿಲ್ಮ್ ಬಂದು ಆ ಕೆಲಸ ಹೋದ ಮೇಲೆ ಕಣ್ಣಿನ ಕೆಲಸ ಕಲಿತರು. ಅದಕ್ಕೋ ಏನೋ, ಕುಂಚದ ತುದಿಯನ್ನು ತುಟಿಯ ಮಧ್ಯೆ ಒತ್ತಿ ಚೂಪು ಮಾಡುವ ಅಭ್ಯಾಸ ಹೋಗಲಿಲ್ಲ. ‘ವಿಷ ರೀ ಅದು’ ಎಂದು ಹೆಂಡತಿ ಒಳಗಿನಿಂದ ಕೂಗುತ್ತಿದ್ದರು. ‘ಇಷ್ಟು ವರ್ಷ ಸಾಯದೆ ಇರೋನು ಇವತ್ತು ಸಾಯ್ತೀನಾ’ ಎಂದು ಇವರು ಇಲ್ಲಿಂದ.

ಜಂಬದ ಮನುಷ್ಯ. ಗಂಜಿ ಹಾಕಿದ ಬಿಳಿ ಶರ್ಟು, ಕಪ್ಪು ಬಣ್ಣ ಹಚ್ಚಿದ ಕೂದಲು, ಹಣೆಯಂಚಿಗೆ ಆ ಬಣ್ಣದ್ದೇ ಕಲೆ. ಕಣ್ಣಿಗೆ ಅಷ್ಟು ಚೆಂದ ಬಣ್ಣ ಹಚ್ಚುವವರಿಗೆ ತಮ್ಮ ತಲೆಗೆ ನೆಟ್ಟಗೆ ಹಚ್ಚಿಕೊಳ್ಳಲು ಬರುತ್ತಿರಲಿಲ್ಲ. ಯಾರಾದರೂ ‘ಗಾಜಿನ ಕಣ್ಣು’ ಎಂದರೆ ಮುಗಿಯಿತು. ‘ಗಾಜು ನಿಮ್ಮನೆ ಕಿಟಕಿಲಿರುತ್ತೆ’ ಎಂದು ಎದ್ದು ನಿಲ್ಲುತ್ತಿದ್ದರು. ಬಣ್ಣ ಬರೆಯುವುದು ಬೆಳಗಿನ ಬೆಳಕಿನಲ್ಲಿ ಮಾತ್ರ, ಅದೂ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ. ಮೋಡ ಕವಿದರೆ ವಾಪಸ್ಸು. ನಾವು ಹೊಸ ತಿಪ್ಪಸಂದ್ರದಿಂದ ಬಸ್ಸು ಬದಲಿಸಿ ಬಂದಿದ್ದೇವೆ ಎಂದರೂ ಕರಗುತ್ತಿರಲಿಲ್ಲ. ‘ಮೋಡದಲ್ಲಿ ಬರೆದ ಕಣ್ಣು ಬಿಸಿಲಲ್ಲಿ ಸುಳ್ಳು ಹೇಳುತ್ತೆ. ಹೋಗಿ, ಬಿಸಿಲು ಬಂದ್ರೆ ಬನ್ನಿ’ ಎನ್ನುತ್ತಿದ್ದರು. ಅವ್ವ ದಾರಿಯುದ್ದಕ್ಕೂ ಬೈಯುತ್ತಾ ಬರುತ್ತಿದ್ದಳು.

ನನ್ನ ಅಪ್ಪ ಅವ್ವ ಕಲಬುರಗಿ ಕಡೆಯವರು. ಅಪ್ಪ ವಿಮಾನದ ಕಾರ್ಖಾನೆಯ ಹತ್ತಿರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದರು. ಕಣ್ಣಿನವರು ಮೊದಲ ಸಲ ನನಗೆ ಬಣ್ಣ ಬರೆಯುವಾಗ ಅಪ್ಪನನ್ನೂ ಎದುರಿಗೆ ಕೂರಿಸಿಕೊಂಡರಂತೆ. ನಾನು ಮಗು, ಒಂದು ಕ್ಷಣ ಕಣ್ಣು ನಿಲ್ಲಿಸುವುದಿಲ್ಲ, ಅಪ್ಪನ ಬಲಗಣ್ಣು ನೋಡಿ ನನ್ನ ಕಂದು ಬಣ್ಣ ಕಲಸಿದರು. ‘ಈ ಬಣ್ಣ ಇವಳದ್ದಲ್ಲ, ನಿಮ್ದು’ ಎಂದರಂತೆ. ಅಪ್ಪನದೂ ಒಂದೇ ಕಣ್ಣು ನೋಡುವಂಥದ್ದು. ಎಡಗಣ್ಣು ಚಿಕ್ಕಂದಿನಿಂದಲೂ ಮುದುಡಿ ಬಾಡಿತ್ತು. ಏನಾಯಿತು ಎಂದು ಯಾರು ಕೇಳಿದರೂ ಒಂದೇ ಉತ್ತರ. ‘ಸಣ್ಣಾಂವಿದ್ದಾಗ ನಮ್ಮಣ್ಣ ಹೊಡದ ಚಿನ್ನಿ ಬಂದು ಬಡದದ್ರೀ.’ ಚಿನ್ನಿದಾಂಡು ಆಡುವಾಗ ದೊಡ್ಡಪ್ಪ ಹೊಡೆದ ಚಿನ್ನಿ. ನಮ್ಮ ಮನೆಯಲ್ಲಿ ಅದು ಪುರಾಣ. ಅಜ್ಜಿ ಸಾಯುವವರೆಗೂ ಹಿರಿಮಗನನ್ನು ಅದಕ್ಕಾಗಿ ಹಂಗಿಸಿದಳು. ಅಪ್ಪ ದೊಡ್ಡಪ್ಪನ ಜೊತೆ ಮದುವೆ ಮುಂಜಿಯಲ್ಲಿ ಎದುರಾದರೂ ಮಾತಾಡುತ್ತಿರಲಿಲ್ಲ. ಹೀಗಾಗಿ ತಂದೆಗೂ ಒಂದು ಕಣ್ಣಿಲ್ಲ, ಮಗಳಿಗೂ ಒಂದು ಕಣ್ಣಿಲ್ಲ ಎಂಬುದನ್ನು ಯಾರೂ ಜೋಡಿಸಿ ನೋಡಲಿಲ್ಲ. ಒಂದು ಚಿನ್ನಿಯಿಂದ ಹೋದದ್ದು, ಒಂದು ಗಡ್ಡೆಯಿಂದ ಹೋದದ್ದು. ಹಣೆಬರಹ ಅಂದುಕೊಂಡರು.

ಶಾಲೆಯಲ್ಲಿ ಒಬ್ಬ ಹುಡುಗ ನನ್ನನ್ನು ಕಾಡುತ್ತಿದ್ದ. ಅಳುತ್ತಾ ಹೋಗಿ ಅವರಿಗೆ ಹೇಳಿದೆ. ‘ಅಳು ಅಳು, ನಾನ್ ಬರೆದ ಕಣ್ಣಲ್ಲೂ ನೀರು ಬರುತ್ತೆ. ಅತ್ತಾದ ಮೇಲೆ ತೆಗೆದು ತೊಳ್ಕೋ, ಅಷ್ಟೇ’ ಎಂದರು. ಆಮೇಲೆ ಒಂದು ಮಾತು ಹೇಳಿಕೊಟ್ಟರು. ಮಾರನೆಯ ದಿನ ಆ ಹುಡುಗನ ಮುಂದೆ ಹೋಗಿ ನಿಂತು ಹೇಳಿದೆ: ‘ನಾನು ನನ್ನ ಕಣ್ಣು ತೆಗೆದು ಸೋಪು ಹಾಕಿ ತೊಳೀತೀನಿ. ನೀನು ಹುಟ್ಟಿದಾಗಿಂದ ಒಂದ್ ಸಲ ತೊಳೆದಿದ್ದೀಯಾ, ಗಲೀಜು?’ ಅವನು ಅವತ್ತಿನಿಂದ ನನ್ನ ಬೆಂಚಿನ ಕಡೆ ಸುಳಿಯಲಿಲ್ಲ.

ಇನ್ನು ಕಾಲಿನ ಮಾತು. ಯಾರೇ ಬಂದರೂ ‘ಕಾಲು ಹೇಗಿದೆ? ಮೂಳೆ ನೋವುಂಟಾ?’ ಎಂದೇ ಅವರು ಶುರು ಮಾಡುತ್ತಿದ್ದದ್ದು. ಒಮ್ಮೆ ನನ್ನ ಮುಂದೆಯೇ ಒಬ್ಬ ಮುದುಕರು, ವೆಲ್ಡಿಂಗಿನ ಕಿಡಿ ಸಿಡಿದು ಕಣ್ಣು ಹೋದವರು, ರೇಗಿಬಿಟ್ಟರು. ‘ಏನ್ರೀ, ಕಣ್ಣಿಗೆ ಅಂತ ಬಂದ್ರೆ ಕಾಲು ಕೇಳ್ತೀರಾ? ನಾಳೆ ಹಲ್ಲು ಎಣಿಸ್ತೀರಾ?’ ಇವರು ಶಾಂತವಾಗಿ, ‘ಹಲ್ಲು ಬೇಡ ಸಾರ್, ಕಾಲು ಹೇಳಿ ಸಾಕು’ ಎಂದರು. ಆತ ಹೋದ ಮೇಲೆ ನಾನು ನಕ್ಕೆ. ಆಗ ಹೇಳಿದರು. ಬಹಳ ಹಿಂದೆ ಒಬ್ಬ ಕಣ್ಣಿನ ಡಾಕ್ಟರ್ ಇವರನ್ನು ಎಚ್ಚರಿಸಿದ್ದರಂತೆ. ಕಣ್ಣಿನ ಗಡ್ಡೆ ಕೆಲವು ಮಕ್ಕಳಿಗೆ ವಂಶದಿಂದ ಬರುತ್ತದೆ, ಅಂಥ ಮಕ್ಕಳಿಗೆ ಮುಂದೆ ಮೂಳೆಯ ಕ್ಯಾನ್ಸರ್ ಬರುವ ಭಯ ಉಳಿದವರಿಗಿಂತ ಹೆಚ್ಚು, ನಿಮ್ಮ ಹತ್ತಿರ ವರ್ಷವರ್ಷ ಬರುತ್ತಾರಲ್ಲ, ಕೇಳುತ್ತಿರಿ ಎಂದು. ‘ಯಾರಿಗೆ ಕೇಳ್ಬೇಕು, ಯಾರಿಗೆ ಬೇಡ ಅಂತಾನೂ ಹೇಳಿದ್ರು ಪಾಪಾ. ನನಗೆ ಆ ಇಂಗ್ಲಿಷ್ ಹೆಸರೆಲ್ಲಾ ಮರ್ತೋಯ್ತು. ಅದಕ್ಕೆ ಎಲ್ರಿಗೂ ಕೇಳ್ಬಿಡ್ತೀನಿ. ಕೇಳಿದ್ರೆ ಏನ್ ಗಂಟು ಹೋಗುತ್ತೆ?’

ಹತ್ತನೇ ಕ್ಲಾಸಿನ ವರ್ಷ ನನಗೆ ಬಲಮಂಡಿಯ ಮೇಲೆ ನೋವು ಶುರುವಾಯಿತು. ಅವರ ಎಚ್ಚರಿಕೆ ನನಗೆ ಹೊಳೆಯಲೇ ಇಲ್ಲ, ಕೇಳಿ ಕೇಳಿ ಆ ಪ್ರಶ್ನೆ ಬರೀ ನಮಸ್ಕಾರದ ಹಾಗಾಗಿತ್ತು. ಸಂಜೆಯಾದರೆ ಹೆಚ್ಚು. ಅವ್ವ ‘ಬೆಳೆಯಾಕತ್ತೀದಿ, ಅದಕ್ಕ ನೋವು’ ಎಂದು ಎಣ್ಣೆ ತಿಕ್ಕಿದಳು. ಬಾವು ಕಂಡಾಗ, ಓಡುವಾಗ ಎಲ್ಲೋ ಉಳುಕಿರಬೇಕೆಂದು ಹಲಸೂರಿನಲ್ಲಿ ಮೂಳೆಗೆ ಪಟ್ಟು ಹಾಕುವವರ ಹತ್ತಿರ ಕರೆದುಕೊಂಡು ಹೋದಳು. ಅವರು ಮೊಟ್ಟೆ, ಸೊಪ್ಪಿನ ಪುಡಿ ಬಳಿದು ಬಿದಿರಿನ ಪಟ್ಟಿ ಇಟ್ಟು ಬಿಗಿಯಾಗಿ ಬಟ್ಟೆ ಸುತ್ತಿದರು. ನಮ್ಮ ಕಡೆಯವರೆಲ್ಲ ಹೋಗುವುದೇ ಅಲ್ಲಿಗೆ, ಅವ್ವನದೇನು ತಪ್ಪಿಲ್ಲ.

ಅದೇ ವಾರ ಕಣ್ಣಿಗೆ ಪಾಲಿಶ್ ಮಾಡಿಸುವ ಸರದಿ. ರಿಚರ್ಡ್ಸ್ ಟೌನಿಗೆ ಹೋದೆವು. ಅವರು ನನ್ನ ಕಣ್ಣು ತೆಗೆದು ಬಟ್ಟಲಲ್ಲಿ ಹಾಕಿ, ಯಂತ್ರದ ಮುಂದೆ ಕೂರುತ್ತಾ, ಎಂದಿನ ಹಾಗೆ ‘ಕಾಲು ಹೇಗಿದೆ?’ ಎಂದರು.

‘ಕಟ್ಟು ಹಾಕಿದ್ದಾರೆ ಅಂಕಲ್.’

‘ಬಿದ್ಯಾ?’

‘ಇಲ್ಲ. ಸುಮ್ನೆ ನೋವು.’

ಅವರು ಯಂತ್ರ ಆರಿಸಿದರು. ಅವ್ವನನ್ನು ನೋಡಿದರು. ಚಪ್ಪಲಿ ಮೆಟ್ಟಿ ಹೊರಗೋಡಿ ಆಟೋ ನಿಲ್ಲಿಸಿ, ‘ಹತ್ತಿ, ಹತ್ತಿ’ ಎಂದು ನಮ್ಮಿಬ್ಬರನ್ನೂ ತುಂಬಿಕೊಂಡು ಆಸ್ಪತ್ರೆಗೆ ಹೊರಟರು. ಎಕ್ಸ್‌ರೇ ಕೋಣೆಯ ಮುಂದೆ ಕೂತ ಮೇಲೆ ಅವ್ವ ನನ್ನ ಮುಖ ನೋಡಿ ಕಿರುಚಿದಳು. ‘ಅಯ್ಯ ನಮ್ಮವ್ವ, ಈಕೀ ಕಣ್ಣೆಲ್ಲಿ?’ ಕಣ್ಣು ಬಟ್ಟಲಲ್ಲೇ ಉಳಿದಿತ್ತು. ಅವರು ಹಣೆ ಚಚ್ಚಿಕೊಂಡರು. ಜೇಬಿನಿಂದ ಇಸ್ತ್ರಿ ಮಾಡಿದ ಕರವಸ್ತ್ರ ತೆಗೆದು ನನ್ನ ಮುಖಕ್ಕೆ ಅಡ್ಡ ಕಟ್ಟಿದರು. ನೋವಿನಲ್ಲೂ ನನಗೆ ನಗು. ಅವರು ನಗಲಿಲ್ಲ. ಅವರನ್ನು ನಗದೆ ನೋಡಿದ್ದು ಅದೇ ಮೊದಲು, ಆಗಲೇ ನನಗೆ ಹೆದರಿಕೆಯಾದದ್ದು.

ಮೂಳೆಯ ಕ್ಯಾನ್ಸರ್ರೇ. ಬೇಗ ಸಿಕ್ಕಿತು ಎಂದರು. ತಿಂಗಳುಗಟ್ಟಲೆ ಔಷಧಿ, ಆಪರೇಷನ್, ತೊಡೆಯೊಳಗೆ ಕಬ್ಬಿಣದಂಥ ಒಂದು ಸರಳು. ಕಾಲು ಉಳಿಯಿತು, ನಾನೂ ಉಳಿದೆ. ಕೂದಲು ಉದುರಿ ವಾಂತಿ ಮಾಡಿಕೊಂಡು ಮಲಗಿರುತ್ತಿದ್ದ ನನ್ನನ್ನು ನೋಡಲು ಅವರು ಬೇಕರಿಯಿಂದ ದಿಲ್‌ಪಸಂದ್ ಹಿಡಿದು ಬರುತ್ತಿದ್ದರು. ನನಗೆ ವಾಸನೆಯೂ ಆಗುತ್ತಿರಲಿಲ್ಲ. ‘ಸರಿ, ನಿನ್ ಪರವಾಗಿ’ ಎಂದು ತಾವೇ ತಿನ್ನುತ್ತಿದ್ದರು. ಅಂಥ ಒಂದು ದಿನ, ಕೇಳದೆಯೇ ಹೇಳಿದರು. ನನಗಿಂತ ಮುಂಚೆ ಒಬ್ಬಳು ಹುಡುಗಿ ಬರುತ್ತಿದ್ದಳು, ಹೊಸ ಕಣ್ಣಿಗೆ ಅಳತೆ ಕೊಟ್ಟು ಹೋದವಳು ವಾಪಸ್ಸು ಬರಲೇ ಇಲ್ಲ. ಕಾಲು ನೋವೆಂದು ಅವಳೂ ಹೇಳಿದ್ದಳು, ‘ಆಟ ಜಾಸ್ತಿ ಆಡ್ಬೇಡ’ ಎಂದು ಇವರೇ ಹೇಳಿ ಕಳಿಸಿದ್ದರು. ಆ ಡಾಕ್ಟರ ಮಾತು ಕಿವಿಗೆ ಬಿದ್ದದ್ದು ಅದಾದ ಮೇಲೆ. ‘ಕಣ್ಣು ಇನ್ನೂ ಇದೆ ಪಾಪಾ, ಮೇಲಿನ ಶೆಲ್ಫಲ್ಲಿ. ಯಾರಿಗೆ ಕೊಡ್ಲಿ?’ ಅಷ್ಟು ಹೇಳಿ ಪೊಟ್ಟಣದ ಕಾಗದ ಮಡಚುತ್ತಾ ಕೂತರು.

ಆಸ್ಪತ್ರೆಯಲ್ಲೇ ನಮ್ಮ ಮನೆಯ ಪುರಾಣವೂ ಮುರಿಯಿತು. ಡಾಕ್ಟರ್ ಅಪ್ಪನ ಕಣ್ಣು ನೋಡಿದವರೇ ಕಣ್ಣಿನ ವಿಭಾಗಕ್ಕೆ ಕಳಿಸಿದರು. ಪರೀಕ್ಷೆ ಮಾಡಿದವರು, ಇದು ಏಟಿನಿಂದ ಹೋದ ಕಣ್ಣಲ್ಲ, ಕೂಸಾಗಿದ್ದಾಗಲೇ ಇದರೊಳಗೆ ಗಡ್ಡೆ ಬಂದು, ಅಪರೂಪಕ್ಕೆ ಆಗುವ ಹಾಗೆ, ತಾನಾಗಿಯೇ ಒಣಗಿದೆ ಎಂದರು. ಆಮೇಲೆ ರಕ್ತ ಪರೀಕ್ಷೆಯಲ್ಲಿ ಖಚಿತವಾಯಿತು. ನಮ್ಮ ಮೈಯ ಜೀವಕೋಶಗಳು ಹದ್ದು ಮೀರಿ ಬೆಳೆಯದಂತೆ ತಡೆಹಿಡಿಯುವ ಒಂದು ಜೀನ್ ಇದೆಯಂತೆ. ಅಪ್ಪನಲ್ಲಿ ಅದರ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿತ್ತು, ಅದೇ ಪ್ರತಿ ನನಗೆ ಬಂದಿತ್ತು. ಕೂಸಾಗಿದ್ದಾಗ ಅದು ಕಣ್ಣಿನಲ್ಲಿ ಕಂಡಿತು, ಮೂಳೆ ಭರದಿಂದ ಬೆಳೆಯುವ ವಯಸ್ಸಿನಲ್ಲಿ ಕಾಲಿನಲ್ಲಿ ಕಂಡಿತು. ಇದ್ದವರಿಗೆಲ್ಲ ಮೂಳೆಗೆ ಬಂದೇ ಬರುತ್ತದೆ ಎಂದಲ್ಲ, ಅಪ್ಪನಿಗೆ ಬರಲಿಲ್ಲ. ನನಗೆ ಬಂತು. ನನಗೆ ಮಕ್ಕಳಾದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ.

ಅಪ್ಪ ಕುಸಿದರು. ನಾನು ಮನೆಗೆ ಬಂದ ಮೇಲೆ, ಬಟ್ಟಲಲ್ಲಿ ಬಿಟ್ಟುಬಂದ ಕಣ್ಣನ್ನು ಸರಿಮಾಡಿಸಿ ಹಾಕಿಸಿಕೊಳ್ಳಲು ಹೋದಾಗ, ಆ ಕೋಣೆಯಲ್ಲೇ ಅತ್ತುಬಿಟ್ಟರು. ‘ನಾನೇ ಕೊಟ್ಟೆನ್ರೀ ಮಗಳಿಗೆ. ನಾನೇ ಕೊಟ್ಟೆ.’

ಕಣ್ಣಿನವರು ಕುಂಚ ಕೆಳಗಿಡದೆ ಹೇಳಿದರು: ‘ಬಣ್ಣಾನೂ ನೀವೇ ಕೊಟ್ಟಿದ್ದು. ಅದಕ್ಕೆ ಯಾರಾದ್ರೂ ಥ್ಯಾಂಕ್ಸ್ ಹೇಳಿದ್ರಾ? ಇಲ್ಲ. ಮತ್ತೆ ಇದಕ್ಕೆ ಯಾಕೆ ಬೈಸ್ಕೊಳ್ತೀರಾ? ಕೈಲಿ ಇದ್ದಿದ್ರೆ ಆರಿಸಿ ಕೊಡ್ತಿದ್ರಿ. ಕೈಲಿಲ್ಲ.’ ಕುಂಚವನ್ನು ಬಣ್ಣಕ್ಕೆ ಅದ್ದುತ್ತಾ, ‘ಅದಿರ್ಲಿ, ನಿಮ್ಮಣ್ಣಂಗೆ ಹೇಳಿದ್ರಾ?’ ಎಂದರು.

ಅಪ್ಪ ತಲೆ ತಗ್ಗಿಸಿದರು.

‘ಅಲ್ರೀ, ಪಾಪ ಆ ಮನುಷ್ಯ ಮಾಡದೆ ಇರೋ ತಪ್ಪು ಹೊತ್ಕೊಂಡು ಮುದುಕ ಆಗಿದ್ದಾನೆ. ಡಾಕ್ಟರ್ ಹೇಳಿ ಎಷ್ಟ್ ದಿನ ಆಯ್ತು? ತಗೊಳ್ಳಿ.’ ತಮ್ಮ ಫೋನನ್ನು ಅಪ್ಪನ ಕೈಗೆ ತುರುಕಿದರು. ಮನುಷ್ಯ ಹಟ ಹಿಡಿದರೆ ಬಿಡುವವರಲ್ಲ. ಅಪ್ಪ ನಂಬರು ಒತ್ತಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಆ ಕಡೆ ದೊಡ್ಡಪ್ಪನ ದನಿ ನಮಗೆಲ್ಲ ಕೇಳುತ್ತಿತ್ತು.

‘ಅಂದ್ರ ನಾ ಹೊಡದದ್ದು ನಿನ್ನ ಕಣ್ಣಿಗೆ ಬಡದಿಲ್ಲೇನೋ ತಮ್ಮಾ?’

‘ಇಲ್ಲಣ್ಣಾ. ಹುಬ್ಬಿಗಿ ಬಡದದ. ಕಣ್ಣು ಅದಕ್ಕೂ ಮೊದ್ಲ ಹೋಗಿತ್ತು. ಯಾರೂ ನೋಡಿದ್ದಿಲ್ಲ.’

ದೊಡ್ಡಪ್ಪ ಆ ಕಡೆ ಗಂಡಸರು ಅಳಬಾರದ ಹಾಗೆ ಅತ್ತರು. ಕಣ್ಣಿನವರು ಕಿಟಕಿಯ ಕಡೆ ತಿರುಗಿ, ‘ಮೋಡ ಬರ್ತಾ ಇದೆ, ಬೇಗ ಮುಗಿಸಿ’ ಎಂದು ಗೊಣಗಿದರು. ಆಕಾಶದಲ್ಲಿ ಮೋಡದ ಸುಳಿವೇ ಇರಲಿಲ್ಲ. ಈಗ ದೊಡ್ಡಪ್ಪ ಪ್ರತಿವರ್ಷ ತೊಗರಿಬೇಳೆಯ ಚೀಲ ಕಳಿಸುತ್ತಾರೆ.

ಮದುವೆಯಾದ ಮೇಲೆ ಮಗು ಬೇಕೋ ಬೇಡವೋ ಎಂಬುದೇ ನಮ್ಮ ಮನೆಯ ಮಾತಾಯಿತು. ಗಂಡ ಎಲ್ಲ ತಿಳಿದೇ ಮದುವೆಯಾದವರು, ನೀನು ಹೇಳಿದಂತೆ ಎಂದುಬಿಟ್ಟರು. ಅದು ಇನ್ನೂ ಕಷ್ಟ. ಅರ್ಧಕ್ಕರ್ಧ ಎಂಬುದು ಕೇಳಲು ಸಣ್ಣ ಮಾತು, ಹೊಟ್ಟೆಯಲ್ಲಿ ಹೊತ್ತವಳಿಗೆ ಅಲ್ಲ. ಮಗುವಿಗೆ ಬಂದಿದ್ದರೆ ಏನೇನು ಕಾದಿದೆ ಎಂಬುದು ನನಗೆ ಓದಿ ತಿಳಿದದ್ದಲ್ಲ, ಮೈಯಿಂದ ತಿಳಿದದ್ದು. ಐದನೇ ತಿಂಗಳಲ್ಲಿ ಪಾಲಿಶ್‌ಗೆ ಹೋದಾಗ ಅವರು ಕಾಲು ಕೇಳಿದರು, ಆಮೇಲೆ ಹೊಟ್ಟೆ ನೋಡಿದರು.

‘ಭಯಾನಾ ಪಾಪಾ?’

‘ಹೂಂ ಅಂಕಲ್. ಬಂದಿದ್ರೆ?’

‘ಬಂದಿದ್ರೆ ನಿನಗೆ ಗೊತ್ತಿದೆ ಏನ್ ಮಾಡ್ಬೇಕು ಅಂತ. ನಿಮ್ಮಮ್ಮಂಗೆ ಗೊತ್ತಿರ್ಲಿಲ್ಲ, ನಿನಗೆ ಗೊತ್ತಿದೆ. ಹುಟ್ಟಿದ ದಿನದಿಂದ ಕಾಯ್ತೀಯಾ. ಅಷ್ಟೇ ವ್ಯತ್ಯಾಸ, ಅದೇನು ಸಣ್ಣದಲ್ಲ.’ ಕುಂಚದ ತುದಿಯನ್ನು ತುಟಿಯಲ್ಲಿ ಒತ್ತಿದರು. ‘ಬಂದಿಲ್ಲಾಂದ್ರೆ ನನ್ ಹತ್ರ ಕರ್ಕೊಂಡ್ ಬಾ. ಈ ಸ್ಟೂಲ್ ಮೇಲೆ ಕೂರೋರೆಲ್ಲಾ ಏನೋ ಕಳ್ಕೊಂಡೇ ಬರ್ತಾರೆ. ನನಗೆ ಕೆಲಸ ಇಲ್ಲದ ಎರಡು ಕಣ್ಣು ಇಲ್ಲಿ ಕೂತಿದ್ದನ್ನ ಒಂದ್ ಸಲ ನೋಡ್ಬೇಕು.’

ಅದೇ ಕೊನೆ. ಎರಡು ತಿಂಗಳಿಗೆ ಹೃದಯ ನಿಂತು ಹೋದರು. ನನ್ನನ್ನು ಹೋಗಗೊಡಲಿಲ್ಲ. ಬಸುರಿ ಸಾವಿನ ಮನೆಗೆ ಹೋಗಬಾರದು ಎಂದು ಅವ್ವ, ಅತ್ತೆ ಇಬ್ಬರೂ ಬಾಗಿಲಿಗೆ ಅಡ್ಡ ನಿಂತರು. ಅಪ್ಪ ಒಬ್ಬರೇ ಹೋಗಿಬಂದು, ಸ್ನಾನ ಮಾಡಿ, ಊಟ ಬೇಡವೆಂದು ಮಲಗಿದರು. ನಾನು ಕನ್ನಡಿಯ ಮುಂದೆ ನಿಂತು ಎಡಗಣ್ಣನ್ನೇ ನೋಡಿಕೊಂಡೆ. ಎಷ್ಟು ಚೆಂದ ಬರೆದಿದ್ದರು ಮಹಾರಾಯರು. ಬಿಳಿಯಲ್ಲಿ ರಕ್ತನಾಳದ ಹಾಗೆ ಕಾಣಲು ಇಟ್ಟ ಕೆಂಪು ರೇಷ್ಮೆ ಎಳೆ ಕೂಡ ಹಾಗೇ ಇತ್ತು. ಅವರ ಮುಖ ಕಡೆಯ ಸಲ ನೋಡಲಾಗಲಿಲ್ಲ ಎಂಬ ಸಂಕಟ ನನಗೆ ಇವತ್ತಿಗೂ ಇಳಿದಿಲ್ಲ.

ಮಗಳು ಹುಟ್ಟಿದಳು. ಹೊಕ್ಕುಳಬಳ್ಳಿಯ ರಕ್ತ ಪರೀಕ್ಷೆಗೆ ಹೋಯಿತು. ಫಲಿತಾಂಶ ಬರುವವರೆಗೆ ಕಾಯುವುದೆಂದರೆ ಏನೆಂದು ಬರೆಯುವ ಶಕ್ತಿ ನನಗಿಲ್ಲ. ಹಾಲು ಕುಡಿಸುವಾಗ ಅವಳ ಕಣ್ಣನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿ, ಕೂಸಿಗೆ ನಿದ್ದೆ ಕೆಡಿಸುತ್ತಿದ್ದೆ. ಕೊನೆಗೆ ಡಾಕ್ಟರ್ ಫೋನ್ ಮಾಡಿದರು. ಬಂದಿಲ್ಲ. ನನ್ನ ಕೆಟ್ಟ ಪ್ರತಿ ಅವಳಿಗೆ ಬಂದಿಲ್ಲ. ಎಲ್ಲರ ಮಕ್ಕಳಿಗೆ ಎಷ್ಟು ಭಯವೋ ಇವಳಿಗೂ ಅಷ್ಟೇ. ಗಂಡನಿಗೆ ಹೇಳಿದೆ, ಅಪ್ಪನಿಗೆ ಹೇಳಿದೆ, ಅಪ್ಪ ದೊಡ್ಡಪ್ಪನಿಗೆ ಹೇಳಿದರು. ಆದರೂ ಹೇಳಬೇಕಾದವರೊಬ್ಬರು ಉಳಿದೇ ಇದ್ದರು.

ಮಗುವಿಗೆ ಕತ್ತು ನಿಂತ ಮೇಲೆ ರಿಚರ್ಡ್ಸ್ ಟೌನಿಗೆ ಹೋದೆ. ಮುಂದಿನ ಕೋಣೆಗೆ ಬೀಗ, ಬೋರ್ಡ್ ತೆಗೆದಿದ್ದರು. ಪಕ್ಕದ ಬಾಗಿಲು ತಟ್ಟಿದೆ. ಅವರ ಹೆಂಡತಿ ಬಂದರು. ತುಂಬ ಸೊರಗಿದ್ದರು. ನನ್ನನ್ನು ನೋಡಿ, ಮಗುವನ್ನು ನೋಡಿ, ಕೂಸನ್ನು ತೆಗೆದುಕೊಂಡು ಒಳಗಿನಿಂದಲೇ ಆ ಕೋಣೆಗೆ ನಡೆದರು. ಕಿಟಕಿ ತೆರೆದರು. ಬಿಸಿಲಿತ್ತು. ಸ್ಟೂಲಿನ ಮೇಲೆ ತಾವು ಕೂತು, ಮಗುವನ್ನು ತೊಡೆಯ ಮೇಲಿಟ್ಟು, ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. ಒಂದು ಕಣ್ಣು ನೋಡಿದರು. ಇನ್ನೊಂದು ನೋಡಿದರು. ಥೇಟ್ ಗಂಡನ ಹಾಗೆಯೇ. ಇಷ್ಟು ವರ್ಷ ಒಳಗಿನಿಂದ ಬೈಯುತ್ತಲೇ ಎಲ್ಲ ನೋಡಿದ್ದಾರೆ.

‘ಬಂದಿಲ್ಲಾ ಆಂಟಿ’ ಎಂದೆ.

ಅವರು ತಲೆಯಾಡಿಸಿ ಎದ್ದರು. ಗೋಡೆಯ ಮೇಲೆ ಗಂಜಿ ಹಾಕಿದ ಶರ್ಟಿನ, ಹಣೆಯಂಚಿಗೆ ಬಣ್ಣ ಮೆತ್ತಿದ ಕಣ್ಣಿನವರ ಫೋಟೊ. ಅದರ ಮುಂದೆ ಮಗುವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು.

‘ಏನ್ರೀ, ನೋಡಿ. ಪಾಪಾ ಮಗಳನ್ನ ಕರ್ಕೊಂಡು ಬಂದಿದ್ದಾಳೆ. ಎರಡೂ ಚೆನ್ನಾಗಿದೆ ರೀ. ನಿಮಗೆ ಇಲ್ಲಿ ಏನೂ ಕೆಲಸ ಇಲ್ಲ.’

ನಾನು ಅತ್ತೆ. ಅವರು ಬರೆದ ಕಣ್ಣಿನಲ್ಲೂ ನೀರು ಬಂತು. ಆಮೇಲೆ ಅವರ ಬಚ್ಚಲಿಗೆ ಹೋಗಿ, ಅವರು ಹೇಳಿಕೊಟ್ಟ ಹಾಗೆಯೇ, ಅದನ್ನು ತೆಗೆದು ತೊಳೆದು ಹಾಕಿಕೊಂಡೆ.